ಮರದ ಮನೆಗೆ ಮೆಟ್ಟಿಲಿಲ್ಲದ ದಾರಿ: ಮಣ್ಣು ತುಂಬಬೇಡಿ, ಸಂಕ ಹಾಕಿ

ಅಮ್ಮನಿಗೆ ಪಾರ್ಶ್ವವಾಯು ಆದ ಮೇಲೆ ಅವರನ್ನು ಗಾಲಿಕುರ್ಚಿ ಸಮೇತ ಎತ್ತಿ ಮೂರು ಮೆಟ್ಟಿಲು ಇಳಿಸಲು ಇಬ್ಬರು ಬೇಕಾಗುತ್ತಿತ್ತು. ಅಣ್ಣ ಕೆಲಸಕ್ಕೆ ಹೋದರೆ ಅಮ್ಮ ಒಳಗೇ. ಮಳೆಗಾಲದಲ್ಲಂತೂ ಮೆಟ್ಟಿಲು ಜಾರುತ್ತದೆ ಅಂತ ಯಾರಿಗೂ ಧೈರ್ಯ ಬರುತ್ತಿರಲಿಲ್ಲ. ಆ ವರ್ಷ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವರು ಅಂಗಳಕ್ಕೆ ಇಳಿಯಲೇ ಇಲ್ಲ. ತಾವೇ ನೆಟ್ಟ ಮಲ್ಲಿಗೆಯಲ್ಲಿ ಎಷ್ಟು ಮೊಗ್ಗು ಬಂದಿದೆ ಅಂತ ಜಗಲಿಯಿಂದ ಕೇಳುತ್ತಿದ್ದರು.

ನಮ್ಮದು ಬ್ರಹ್ಮಾವರದ ಹತ್ತಿರ ಹಂಚಿನ ಮನೆ. ಪಂಚಾಂಗ (ಮನೆ ನಿಂತಿರುವ ಕಟ್ಟೆ) ಕೆಂಪುಕಲ್ಲಿನದು, 18 ಇಂಚು ಎತ್ತರ. ಅದರ ಮೇಲೆ ಹೆಚ್ಚಿನದೆಲ್ಲ ಮರ: ಅಡಿತೊಲೆ (ಗೋಡೆಯ ಬುಡದ ತೊಲೆ), ಕಂಬ, ಮುಂದಿನ ಚಾವಡಿಯ ಹಲಗೆ ಗೋಡೆ, ಮುಚ್ಚಿಗೆ (ಹಲಗೆಯ ಒಳಚಾವಣಿ), ಹಂಚು ಹೊರುವ ಪಕಾಸು, ರೀಪು. ನಾನು ಸಿವಿಲ್ ಡಿಪ್ಲೊಮಾ ಮುಗಿಸಿ 22 ವರ್ಷಗಳಿಂದ ಉಡುಪಿ ಸುತ್ತಮುತ್ತ ಸೈಟ್ ನೋಡಿಕೊಳ್ಳುತ್ತಿದ್ದೇನೆ. ಆದರೂ ಸ್ವಂತ ಮನೆಯಲ್ಲಿ ಮೊದಲ ಸಲ ತಪ್ಪು ಮಾಡಿದೆ. ಅದನ್ನೇ ಮೊದಲು ಹೇಳುತ್ತೇನೆ. ಯಾಕೆಂದರೆ ಇದೇ ತಪ್ಪನ್ನು ಆಮೇಲೆ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಮೆಟ್ಟಿಲು ಒಡೆಸಿದೆ. ಜಗಲಿಯ ಎತ್ತರಕ್ಕೆ ಮಣ್ಣು ತುಂಬಿಸಿ, ಮೇಲೆ ಕಾಂಕ್ರೀಟ್ ಹಾಕಿಸಿದೆ. ಒಂದು ವಾರದ ಕೆಲಸ. ಅಮ್ಮ ಖುಷಿಯಲ್ಲಿ ಹೊರಗೆ ಬಂದರು. ಎರಡನೇ ಮಳೆಗಾಲ ಮುಗಿಯುವಾಗ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ನಮ್ಮ ಆಚಾರ್ಯರನ್ನು, ಅಂದರೆ ಮರಗೆಲಸದವರನ್ನು ಕರೆಸಿದೆ. ಅವರು ದಾರಂದದ (ಬಾಗಿಲ ಚೌಕಟ್ಟಿನ) ಕಾಲಿಗೆ ಚಾಕು ಚುಚ್ಚಿದರು. ಒಳ್ಳೆಯ ಹಲಸಿನ ಮರ, ಅಜ್ಜನ ಕಾಲದ್ದು. ಚಾಕು ಒಂದು ಇಂಚು ಒಳಗೆ ಹೋಯಿತು. ಕಾಂಕ್ರೀಟ್ ಒಡೆದು ನೋಡಿದರೆ ತುಂಬಿದ ಮಣ್ಣಿನ ಒಳಗಿಂದ ಒರಲೆ (ಗೆದ್ದಲು) ನೇರವಾಗಿ ಅಡಿತೊಲೆಗೆ ಹತ್ತಿತ್ತು. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ.

ಆ ಮೂರು ಮೆಟ್ಟಿಲು ಸುಮ್ನೆ ಇರಲಿಲ್ಲ. ಅಂಗಳದ ನೀರಿನಿಂದ, ನೆಲಕ್ಕೆ ಬಿದ್ದು ಹಾರುವ ಹನಿಯಿಂದ, ಒರಲೆಯಿಂದ ಮರವನ್ನು 18 ಇಂಚು ದೂರ ಇಟ್ಟದ್ದು ಆ ಎತ್ತರವೇ. ನಾನು ಮೆಟ್ಟಿಲನ್ನು ಮಾತ್ರ ತೆಗೆದೆ ಅಂದುಕೊಂಡೆ. ತೆಗೆದದ್ದು ಆ ದೂರವನ್ನು. ಮೆಟ್ಟಿಲಿಲ್ಲದ ದಾರಿ ಖಂಡಿತ ಮಾಡಬಹುದು, ಮಾಡಲೇಬೇಕು. ಆದರೆ ಮನೆಯ ಸುತ್ತಲಿನ ನೆಲ ಇದ್ದಲ್ಲೇ ಇರಲಿ, ದಾರಿ ಮಾತ್ರ ಏರಲಿ. ನಮ್ಮೂರಲ್ಲಿ ತೋಡು (ಸಣ್ಣ ಹಳ್ಳ) ದಾಟಲು ಕಾಲುಸಂಕ ಹಾಕುತ್ತೇವೆ ಅಲ್ವಾ? ಕೆಳಗೆ ನೀರು ತನ್ನ ಪಾಡಿಗೆ ಹೋಗುತ್ತದೆ, ಮೇಲೆ ನಾವು ಹೋಗುತ್ತೇವೆ. ಮನೆಗೂ ಹಾಗೆಯೇ ಒಂದು ಸಂಕ ಬೇಕು.

ಮೊದಲು ಒಂದು ಮಳೆಗಾಲ ನೋಡಿ

ಕೆಲಸ ಶುರು ಮಾಡುವ ಮುಂಚೆ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಮನೆಯ ಸುತ್ತ ಒಂದು ಸುತ್ತು ಬನ್ನಿ. ನೀರು ಎಲ್ಲಿ ನಿಲ್ಲುತ್ತದೆ, ಗಾಳಿ ಯಾವ ಕಡೆಯಿಂದ ಎರಚಲು ತರುತ್ತದೆ ಅಂತ ಗುರುತು ಹಾಕಿಕೊಳ್ಳಿ. ನಮ್ಮ ಕರಾವಳಿಗೆ ಅದು ಹೆಚ್ಚಾಗಿ ಪಶ್ಚಿಮ, ನೈರುತ್ಯದಿಂದ. ಆ ಕಡೆಗೆ ಮುಖ ಮಾಡಿದ ಬಾಗಿಲಿಗೆ ದಾರಿ ಮಾಡುವುದಕ್ಕಿಂತ ಪೂರ್ವದ ಅಥವಾ ಉತ್ತರದ ಬಾಗಿಲನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಹಾರುವ ಹನಿಯ ಎತ್ತರ ಅಳೆಯಲು ಯಂತ್ರ ಬೇಡ. ನಮ್ಮ ಮಣ್ಣೇ ಹೇಳುತ್ತದೆ. ಸುಣ್ಣ ಹೊಡೆದ ಗೋಡೆಯ ಬುಡದಲ್ಲಿ ಕೆಂಪು ಕಲೆ ಎಲ್ಲಿಯವರೆಗೆ ಹತ್ತಿದೆ ನೋಡಿ. ನಮ್ಮಲ್ಲಿ ಮಾಡಿನ (ಚಾವಣಿಯ) ನೀರು ನೇರ ಅಂಗಳಕ್ಕೆ ಬೀಳುವ ಕಡೆ ಅದು 14 ಇಂಚು ಇತ್ತು. ಮರದ ಮನೆಗೆ ಜರ್ಮನಿಯಲ್ಲೂ ಇದೇ ಲೆಕ್ಕ. ಅಲ್ಲಿನ ಡಿಐಎನ್ 68800 ಎಂಬ ನಿಯಮ ಮರವನ್ನು ನೆಲದಿಂದ 30 ಸೆಂ.ಮೀ., ಅಂದರೆ ಒಂದು ಅಡಿ ಮೇಲೆ ಇಡಲು ಹೇಳುತ್ತದೆ. ಗೋಡೆಯ ಬುಡಕ್ಕೆ ಜಲ್ಲಿ ಹಾಸಿದರೆ 15 ಸೆಂ.ಮೀ. ಸಾಕು ಅನ್ನುತ್ತದೆ. ಜಲ್ಲಿಗೆ ಬಿದ್ದ ಹನಿ ಒಡೆದುಹೋಗುತ್ತದೆ, ಹಿಂದಕ್ಕೆ ಅಷ್ಟು ಹಾರುವುದಿಲ್ಲ. ನಮ್ಮ ಮಳೆಗೆ ಆ ರಿಯಾಯಿತಿ ಬೇಡ. ಉಡುಪಿ ಕಡೆ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಅದರಲ್ಲಿ ಹೆಚ್ಚಿನದು ನಾಲ್ಕು ತಿಂಗಳಲ್ಲೇ. ಒಂದು ಅಡಿ ಎತ್ತರವನ್ನೂ ಇಡಿ, ಜಲ್ಲಿಯನ್ನೂ ಹಾಕಿ. ಮಾಡಿನ ಅಂಚಿಗೆ ದಂಬೆ (ನೀರು ಹಿಡಿಯುವ ದೋಣಿ) ಕಟ್ಟಿ, ಎರಡು ಅಡಿ ಅಗಲಕ್ಕೆ ಜಲ್ಲಿ ಹಾಸಿದ ಮೇಲೆ ನಮ್ಮ ಕೆಂಪು ಕಲೆ 5 ಇಂಚಿಗೆ ಇಳಿಯಿತು.

ಇಳಿಜಾರಿನ ಲೆಕ್ಕ

ಸಾಮಾನ್ಯವಾಗಿ ಒಪ್ಪುವ ಇಳಿಜಾರು 1:12. ಅಂದರೆ ಒಂದು ಇಂಚು ಏರಲು ಒಂದು ಅಡಿ ಉದ್ದ. 18 ಇಂಚಿಗೆ 18 ಅಡಿ. ಆದರೆ ಒದ್ದೆ ನೆಲದಲ್ಲಿ, ಕುರ್ಚಿ ತಳ್ಳುವವರಿಗೂ ವಯಸ್ಸಾಗಿದ್ದರೆ, ಇದು ಕಡಿದೇ ಅನಿಸುತ್ತದೆ. ಅತ್ತಿಗೆ ತಳ್ಳಿ ನೋಡಿ "ಮಳೆಗೆ ಇದು ಆಗುವುದಿಲ್ಲ" ಅಂದರು. ನಾವು 1:15 ಇಟ್ಟೆವು, ಇಪ್ಪತ್ತೆರಡೂವರೆ ಅಡಿ. ಜಾಗ ಇದ್ದರೆ ಅದಕ್ಕಿಂತ ಕಡಿದು ಮಾಡಬೇಡಿ. ಅಗಲ ನಾಲ್ಕು ಅಡಿ. ತಿರುಗುವ ಕಡೆ ಮತ್ತು ಬಾಗಿಲ ಮುಂದೆ ಐದು ಅಡಿ ಚೌಕದ ಸಮತಟ್ಟು ಜಾಗ ಬೇಕೇ ಬೇಕು. ಇಲ್ಲದಿದ್ದರೆ ಬಾಗಿಲು ತೆರೆಯುವಾಗ ಕುರ್ಚಿ ಹಿಂದಕ್ಕೆ ಜಾರುತ್ತದೆ. ಕೈಹಿಡಿ ಎರಡು ಎತ್ತರದಲ್ಲಿ, 30 ಮತ್ತು 36 ಇಂಚಿಗೆ, ಎರಡೂ ಬದಿ. ಅಂಚಿನಲ್ಲಿ 4 ಇಂಚಿನ ತಡೆ ಕಟ್ಟಿ, ಅದರ ಬುಡದಲ್ಲಿ ನೀರು ಹೋಗಲು ಕಿಂಡಿ ಬಿಡಿ.

ಇಳಿಜಾರಿನ ಉದ್ದದ ಭಾಗ ಕೆಂಪುಕಲ್ಲು, ಮಣ್ಣಿನದೇ ಆಗಬಹುದು. ಆದರೆ ಅದು ಗೋಡೆಗೆ ತಾಗಬಾರದು. ನಮ್ಮದು ಗೋಡೆಗೆ ಸಮಾನಾಂತರವಾಗಿ, ನಾಲ್ಕು ಅಡಿ ದೂರದಲ್ಲಿ ಏರುತ್ತದೆ. ಪೂರ್ತಿ ಏರಿದ ಮೇಲೆ ಸಮತಟ್ಟು ಜಾಗ. ಅಲ್ಲಿ ಮನೆ ಕಡೆಗೆ ತಿರುಗಿದರೆ ಕೊನೆಯ ನಾಲ್ಕು ಅಡಿ ಸಂಕ. ಸಂಕದ ಕೆಳಗೆ ಅಂಗಳದ ನೀರು ಮೊದಲಿನ ಹಾಗೇ ಹರಿದು ತೋಟಕ್ಕೆ ಹೋಗುತ್ತದೆ. ಮೇಲೆ ಮಾಡನ್ನು ಮುಂದಕ್ಕೆ ಎಳೆದು ಹಂಚು ಹೊದಿಸಿದ್ದೇವೆ. ಖರ್ಚು ಉಳಿಸಲು ಈ ಮಾಡನ್ನು ಬಿಡಬೇಡಿ. ಕುರ್ಚಿ ಒದ್ದೆಯಾಗದಿರುವುದಕ್ಕೆ ಮಾತ್ರ ಅಲ್ಲ, ಬಾಗಿಲ ಬುಡಕ್ಕೆ ಎರಚಲು ತಲುಪದಿರಲು ಇದೇ ಮೊದಲ ರಕ್ಷಣೆ.

ಸಂಕ ಹೇಗೆ ನಿಲ್ಲಬೇಕು

ಸಂಕವನ್ನು ಮನೆಯ ತೊಲೆಗೆ ಬೋಲ್ಟ್ ಹಾಕಿ ನೇತುಹಾಕಬೇಡಿ. ಬೋಲ್ಟಿನ ತೂತು ನೀರಿಗೆ ಬಾಗಿಲು. ಮನೆ ಕಡೆಯ ತುದಿಗೂ ಅದರದ್ದೇ ಎರಡು ಶಿಲೆಕಲ್ಲಿನ ಕಂಬ ಇರಲಿ, ಪಂಚಾಂಗದಿಂದ 2 ಇಂಚು ಬಿಟ್ಟು. ಆ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಲು ಆಗಬೇಕು. ಒರಲೆ ಕಲ್ಲಿನ ಮೇಲೆ ಮಣ್ಣಿನ ಕೊಳವೆ ಕಟ್ಟಿಕೊಂಡೇ ಮೇಲೆ ಬರಬೇಕು, ಅದು ಕಣ್ಣಿಗೆ ಬಿದ್ದ ದಿನವೇ ಕೆರೆದು ತೆಗೆಯಬಹುದು. ಕಾಣುವ ಒರಲೆಯಿಂದ ಮನೆ ಹಾಳಾಗುವುದಿಲ್ಲ.

ಕಂಬದ ಗುಂಡಿಯನ್ನು ಗಟ್ಟಿ ಮುರಕಲ್ಲು (ಕೆಂಪುಕಲ್ಲು) ಸಿಗುವವರೆಗೆ ತೆಗೆಸಿ. ಮನೆ ಹಳೆಯದು, ಕೂತು ಆಗಿದೆ. ಸಂಕ ಹೊಸದು, ಇನ್ನು ಕೂರಬೇಕು. ನಮ್ಮದು ಮೊದಲ ವರ್ಷ 4 ಮಿ.ಮೀ. ಕೂತಿತು. ಅಷ್ಟಕ್ಕೇ ಗಾಲಿ ಟಕ್ ಅನ್ನುತ್ತಿತ್ತು. ತೊಲೆಯ ಅಡಿಗೆ ಸ್ಟೀಲ್ ತಗಡು ಕೊಟ್ಟು ಸಮ ಮಾಡಿದೆವು.

ಮರ ಯಾವುದು ಅಂತ ಎಲ್ಲರೂ ಕೇಳುತ್ತಾರೆ. ನಾವು ಹಳೆ ಮನೆ ಬಿಚ್ಚಿದಾಗ ಸಿಕ್ಕಿದ ಕಿರಾಲುಬೋಗಿ ತಂದೆವು. ತುಂಬಾ ಗಟ್ಟಿ, ಭಾರ, ಒರಲೆ ಸುಲಭಕ್ಕೆ ಮುಟ್ಟುವುದಿಲ್ಲ. ಸಾಗುವಾನಿ, ಹೆಬ್ಬಲಸು ಕೂಡ ಆಗುತ್ತದೆ. ಆದರೆ ಯಾವ ಮರವಾದರೂ ತಿರುಳೇ ಬೇಕು. ಹೊರಗಿನ ಬಿಳಿ ಭಾಗ ಸಾಗುವಾನಿಯದ್ದಾದರೂ ಬೇಗ ಕೊಳೆಯುತ್ತದೆ. ಮರದ ಮೇಲೆ ಭರವಸೆ ಇಲ್ಲದಿದ್ದರೆ ಸಂಕಕ್ಕೆ ಶಿಲೆಕಲ್ಲಿನ ಚಪ್ಪಡಿ ಹಾಕಿ, ಮೇಲ್ಮೈ ಉಳಿಯಿಂದ ಒರಟು ಮಾಡಿಸಿ. ಅದರಲ್ಲಿ ನಾಚಿಕೆ ಏನಿಲ್ಲ. ನಮ್ಮ ಹಿರಿಯರೂ ಮರದ ಕಂಬವನ್ನು ಕಲ್ಲಿನ ಮೇಲೆಯೇ ನಿಲ್ಲಿಸಿದ್ದು. ಹಳೆಯ ಮನೆಗಳನ್ನು ತಂದು ಮತ್ತೆ ಕಟ್ಟಿಟ್ಟಿರುವ ಮಣಿಪಾಲದ ಹಸ್ತಶಿಲ್ಪ ಗ್ರಾಮಕ್ಕೆ ಹೋದರೆ ಆ ಮನೆಗಳ ಮಾಡು, ಮುಚ್ಚಿಗೆ ಮಾತ್ರ ನೋಡಬೇಡಿ, ಕಂಬದ ಬುಡವನ್ನೂ ನೋಡಿ ಬನ್ನಿ.

ಹಲಗೆಯನ್ನು ದಾರಿಗೆ ಅಡ್ಡಲಾಗಿ ಹಾಕಿ, ನಡುವೆ 8 ಮಿ.ಮೀ. ಸಂದಿ ಬಿಡಿ. ಉದ್ದಕ್ಕೆ ಹಾಕಿದರೆ ಕುರ್ಚಿಯ ಮುಂದಿನ ಚಿಕ್ಕ ಗಾಲಿ ಸಂದಿಗೆ ಇಳಿಯುತ್ತದೆ. 12 ಮಿ.ಮೀ.ಗಿಂತ ದೊಡ್ಡ ಸಂದಿ ಎಲ್ಲೂ ಬೇಡ, ಊರುಗೋಲಿನ ತುದಿಯೂ ಸಿಕ್ಕಿಕೊಳ್ಳುತ್ತದೆ. ಹಲಗೆ ಕೂರುವ ಮುಂಚೆ ತೊಲೆಯ ಮೇಲ್ಮೈಗೆ ಉದ್ದಕ್ಕೂ ಡಾಂಬರಿನ ಟೇಪ್ ಅಂಟಿಸಿ. ಸ್ಕ್ರೂ ತೂತಿನಿಂದ ಇಳಿಯುವ ನೀರು ತೊಲೆಗೆ ಹೋಗದಿರಲು ಇಷ್ಟು ಸಾಕು. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದೇ ಆಗಲಿ, ಸಮುದ್ರ ಹತ್ತಿರ ಇದ್ದರೆ 316 ಗ್ರೇಡ್. ಉಪ್ಪು ಗಾಳಿಗೆ ಸಾಧಾರಣ ಮೊಳೆ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ತಿನ್ನುತ್ತದೆ.

ಗೀರು ಹಾಕಿದ ಹಲಗೆ ಜಾರುವುದಿಲ್ಲ ಅಂತ ಮಾರುತ್ತಾರೆ. ನಮ್ಮ ಮಳೆಯಲ್ಲಿ ಆ ಗೀರಿನಲ್ಲೇ ಮಣ್ಣು ಕೂತು ಪಾಚಿ ಬೆಳೆಯುತ್ತದೆ. ನಾವು ಚಪ್ಪಟೆ ಹಲಗೆಯೇ ಹಾಕಿ, ಎಪಾಕ್ಸಿಯಲ್ಲಿ ಮರಳು ಕಲಸಿ ಎರಡು ಇಂಚಿನ ಪಟ್ಟಿಗಳನ್ನು ಬಳಿದೆವು. ಈವರೆಗೂ ಯಾರೂ ಜಾರಿಲ್ಲ.

ಹೊಸ್ತಿಲು

ಎಲ್ಲಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಂಡದ್ದು ಇಲ್ಲಿ. ನಮ್ಮ ಹಳೆ ಹೊಸ್ತಿಲು 5 ಇಂಚು ಎತ್ತರ. ತೆಗೆಯುತ್ತೇವೆ ಅಂದಾಗ ದೊಡ್ಡಮ್ಮ ಒಪ್ಪಲಿಲ್ಲ. ಸೋಣೆ ತಿಂಗಳಲ್ಲಿ (ಆಗಸ್ಟ್-ಸೆಪ್ಟೆಂಬರ್) ಹೊಸ್ತಿಲು ಪೂಜೆ ಮಾಡುವ ಮನೆ, ಹೊಸ್ತಿಲು ತೆಗೆದರೆ ಲಕ್ಷ್ಮಿ ಹೋಗುತ್ತಾಳೆ ಅಂದರು. ಆಚಾರ್ಯರು ಹೇಳಿದ್ದು ಬೇರೆ: "ಲಕ್ಷ್ಮಿ ವಿಷ್ಯ ಆಮೇಲ್ ಕಾಂಬ. ಇದ್ ತೆಗ್ದ್ರೆ ನೀರ್ ಒಳ್ಗ್ ಬತ್ತ್." ಇಬ್ಬರ ಮಾತಿನಲ್ಲೂ ಹುರುಳಿತ್ತು. ಹೊಸ್ತಿಲು ಒಂದು ಅಣೆಕಟ್ಟು. ಅಣೆಕಟ್ಟು ತೆಗೆದರೆ ನೀರು ಬೇರೆ ಕಡೆ ಇಳಿಯಲು ಜಾಗ ಮಾಡಲೇಬೇಕು.

ನಾವು ಮಾಡಿದ್ದು ಹೀಗೆ. ಬಾಗಿಲ ಅಡಿಗೆ ಶಿಲೆಕಲ್ಲಿನ ಪಟ್ಟಿ ಕೂರಿಸಿದೆವು. ಮೇಲ್ಮೈ ಹೊರಕ್ಕೆ ಸ್ವಲ್ಪ ಇಳಿಜಾರು. ಸಂಕದ ಹಲಗೆಗಿಂತ ಅದು 10 ಮಿ.ಮೀ. ಮಾತ್ರ ಎತ್ತರ, ಅಂಚು ಓರೆಯಾಗಿ ಸವರಿದ್ದು. 12 ಮಿ.ಮೀ. ದಾಟಿದರೆ ಕುರ್ಚಿಗೆ ಅದು ಮತ್ತೆ ಮೆಟ್ಟಿಲೇ. ಸಂಕದ ಕೊನೆಯ ಹಲಗೆಗೂ ಈ ಕಲ್ಲಿಗೂ ನಡುವೆ 12 ಮಿ.ಮೀ. ಸಂದಿ, ಕೆಳಗೆ ಪೂರ್ತಿ ಖಾಲಿ. ಗಾಳಿ ತಳ್ಳಿಕೊಂಡು ಬಂದ ನೀರೆಲ್ಲ ಅಲ್ಲೇ ಕೆಳಗೆ ಬೀಳುತ್ತದೆ. ಸಂದಿ ಬಾಗಿಲಿನ ಅಗಲಕ್ಕೆ ಮಾತ್ರ ಅಲ್ಲ, ಎರಡೂ ಬದಿಗೆ ಅರ್ಧ ಅಡಿ ಜಾಸ್ತಿ ಇರಲಿ. ನೀರು ಮೂಲೆಯಿಂದಲೇ ನುಗ್ಗುವುದು. ನಿಮ್ಮಲ್ಲಿ ಸಂಕ ಅಲ್ಲದೆ ಗಟ್ಟಿ ನೆಲವೇ ಇದ್ದರೆ ಇದೇ ಜಾಗದಲ್ಲಿ 4 ಇಂಚು ಆಳದ ಚರಂಡಿ ಮಾಡಿ ಸ್ಟೀಲ್ ಜಾಲರಿ ಮುಚ್ಚಬೇಕು. ಜಾಲರಿಯ ಕಂಬಿ ನಡಿಗೆಗೆ ಅಡ್ಡಲಾಗಿರಲಿ.

ಕಲ್ಲಿನ ಅಡಿಗೆ ಒಂದು ತಟ್ಟೆ ಬೇಕು. ರಬ್ಬರ್ ಶೀಟ್ ಸಾಕು, ತಾಮ್ರದ ತಗಡಾದರೆ ಇನ್ನೂ ಒಳ್ಳೆಯದು. ಒಳ ಅಂಚು ಮತ್ತು ಎರಡು ಬದಿ ಮೇಲಕ್ಕೆ ಮಡಚಿರಬೇಕು, ಹೊರ ಅಂಚು ಮಾತ್ರ ತೆರೆದು ಕೆಳಗೆ ಬಾಗಿರಬೇಕು. ಕಲ್ಲಿನ ಸೇರುವೆಯಿಂದ ಒಂದು ಹನಿ ಇಳಿದರೂ ಅದು ತಟ್ಟೆಗೆ ಬಿದ್ದು ಹೊರಗೇ ಹೋಗುತ್ತದೆ. ಒಳಗಿನ ನೆಲ ಮುಗಿಸುವ ಮುಂಚೆಯೇ ಪರೀಕ್ಷೆ ಮಾಡಿ. ಪೈಪಿನಲ್ಲಿ ಕಾಲು ಗಂಟೆ ಬಾಗಿಲ ಬುಡಕ್ಕೆ ನೀರು ಬಿಡಿ. ನಮ್ಮ ಮೊದಲ ತಟ್ಟೆ ಎಡ ಮೂಲೆಯಲ್ಲಿ ಸೋರಿತು. ಅಲ್ಲಿ ಮಡಚುವ ಬದಲು ಕತ್ತರಿಸಿದ್ದರು. ಬೇರೆ ಹಾಕಿಸಿದೆ.

ದಾರಂದದ ಕಾಲನ್ನು ನೆಲದಲ್ಲಿ ಹೂಳಬೇಡಿ. ಮರ ಉದ್ದಕ್ಕೆ ನೀರು ಕುಡಿಯುವುದು ಅಡ್ಡಕ್ಕಿಂತ ಎಷ್ಟೋ ಪಟ್ಟು ಬೇಗ. ಕೊಯ್ದ ತುದಿ ಅಂದರೆ ಬಾಯಿ ತೆರೆದ ಕೊಳವೆಗಳ ಕಟ್ಟು. ಕಾಲು ಕಲ್ಲಿನಿಂದ 10 ಮಿ.ಮೀ. ಮೇಲೆ ನಿಲ್ಲಲಿ, ತುದಿಗೆ ಎಪಾಕ್ಸಿ ಎರಡು ಸಲ ಹಚ್ಚಿ. ಬಾಗಿಲ ಹಲಗೆಯ ಕೆಳ ಅಂಚಿಗೂ ಇದೇ ಮದ್ದು. ಆ ಅಂಚನ್ನು ಬಾಗಿಲು ಕೂರಿಸುವ ಮೊದಲೇ ಬಳಿಯಬೇಕು, ಆಮೇಲೆ ಬ್ರಷ್ ಹೋಗುವುದಿಲ್ಲ. ಬಾಗಿಲ ಹೊರ ಮುಖದ ಬುಡಕ್ಕೆ ನೀರು ಹೊರಗೆ ತೊಟ್ಟಿಕ್ಕುವ ಒಂದು ಓರೆ ಪಟ್ಟಿ ಹೊಡೆಯಿರಿ. ಬಾಗಿಲು ಮುಚ್ಚಿದಾಗ ತಾನಾಗಿ ಕೆಳಗಿಳಿಯುವ ರಬ್ಬರ್ ಸೀಲ್ ಸಿಗುತ್ತದೆ, ಅದಕ್ಕೆ ಹಣ ಕೊಡುವುದು ಸಾರ್ಥಕ. ತೆರೆದ ಬಾಗಿಲಿನ ಅಗಲ 3 ಅಡಿ ಸಿಗಲಿ. ಹಳೆಯ ಎರಡು ಹಲಗೆಯ ಬಾಗಿಲಲ್ಲಿ ಒಂದನ್ನು ತೆರೆದರೆ ಕುರ್ಚಿ ಹೋಗುವುದಿಲ್ಲ.

ಇನ್ನು ಪೂಜೆಯ ಹೊಸ್ತಿಲು. ಹಳೆಯ ಹೊಸ್ತಿಲಿನ ಗಟ್ಟಿ ಉಳಿದ ಭಾಗವನ್ನು ಆಚಾರ್ಯರು ಸೀಳಿ, ಕಲ್ಲಿನ ಪಟ್ಟಿಯ ಒಳ ಬದಿಯಲ್ಲಿ ನೆಲದ ಮಟ್ಟಕ್ಕೆ ಸರಿಯಾಗಿ ಕೂರಿಸಿದರು. ಎತ್ತರ ಇಲ್ಲ, ಮರ ಅದೇ. ಸೋಣೆಯಲ್ಲಿ ಅತ್ತಿಗೆ ಅದರ ಮೇಲೆಯೇ ರಂಗೋಲಿ ಬರೆಯುತ್ತಾರೆ. ಅಮ್ಮ ಕುರ್ಚಿಯಲ್ಲಿ ಪಕ್ಕದಲ್ಲೇ ಕೂತು ಹೂ ಕೊಡುತ್ತಾರೆ. ದೊಡ್ಡಮ್ಮನೂ ಆಮೇಲೆ ಏನೂ ಹೇಳಲಿಲ್ಲ.

ಅಡಿತೊಲೆ, ನೆಲ, ಬಚ್ಚಲು

ಕೆಂಪುಕಲ್ಲು ನೀರು ಹೀರಿ ಮೇಲಕ್ಕೆ ಎಳೆಯುತ್ತದೆ. ಅದರ ಮೇಲೆ ನೇರವಾಗಿ ಅಡಿತೊಲೆ ಇಡಬೇಡಿ. ನಡುವೆ ಒಂದು ವರಸೆ ಶಿಲೆಕಲ್ಲು, ಅದರ ಮೇಲೆ ತೇವ ಏರದಂತೆ ತಡೆಯುವ ಡಿಪಿಸಿ ಶೀಟ್. ಮರದ ನೆಲದ ಅಡಿಯಲ್ಲಿ ಖಾಲಿ ಜಾಗ ಇದ್ದರೆ ಎದುರು ಬದುರಾಗಿ ಗಾಳಿ ಕಿಂಡಿ ಇರಲಿ, ಸಣ್ಣ ಕಣ್ಣಿನ ಸ್ಟೀಲ್ ಬಲೆ ಹೊಡೆಯಿರಿ. ಹೆಗ್ಗಣ ಬಂದರೆ ಹಿಂದೆ ಹಾವು ಬರುತ್ತದೆ. ಇಳಿಜಾರು ಕಟ್ಟುವಾಗ ಈ ಕಿಂಡಿ ಮುಚ್ಚಿಹೋಗದಂತೆ ನೋಡಿಕೊಳ್ಳಿ. ನನ್ನ ಮೊದಲ ಕೆಲಸದಲ್ಲಿ ಎರಡು ಕಿಂಡಿ ಮಣ್ಣಿನೊಳಗೆ ಹೋಗಿದ್ದವು.

ಬಚ್ಚಲಿನ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ. ಮೆಟ್ಟಿಲಿಲ್ಲದ ಬಚ್ಚಲನ್ನು ಮರದ ನೆಲದ ಮೇಲೆ ಮಾಡಬೇಡಿ. ಮಾಡಲು ಆಗುತ್ತದೆ, ಆದರೆ ಒಂದು ಸೇರುವೆ ಬಿಟ್ಟರೂ ಗೊತ್ತಾಗುವುದು ತೊಲೆ ಕೊಳೆತ ಮೇಲೆ. ಹಿಂದಿನವರು ಬಚ್ಚಲನ್ನು ಬೇರೆಯೇ ಕಟ್ಟಿದ್ದರು. ನಾವು ಕಲ್ಲು, ಕಾಂಕ್ರೀಟಿನಲ್ಲಿ ಕಟ್ಟಿ ಅಮ್ಮನ ಕೋಣೆಗೆ ಸೇರಿಸಿದೆವು. ಒಳಗಿನ ನೆಲ ಕೋಣೆಯ ಮಟ್ಟಕ್ಕೇ ಶುರುವಾಗಿ 1:50ರ ಇಳಿಜಾರಿನಲ್ಲಿ ಬಾಗಿಲಿಂದ ದೂರದ ಗೋಡೆಯ ಚರಂಡಿಗೆ ಇಳಿಯುತ್ತದೆ.

ಮದ್ದು ಮತ್ತು ತೇವದ ಲೆಕ್ಕ

ಮರದ ತೇವ 20 ಶೇಕಡಾ ದಾಟಿ ಹಾಗೇ ಉಳಿದರೆ ಕೊಳೆಸುವ ಶಿಲೀಂಧ್ರಕ್ಕೆ ದಾರಿ. ನಮ್ಮ ಮಳೆಗಾಲದ ಗಾಳಿಗೇ, ಒಂದು ಹನಿ ಬೀಳದೆಯೂ, ಹೊರಗಿನ ಮರ 18ರ ಹತ್ತಿರ ಏರುತ್ತದೆ. ನಮಗೆ ಉಳಿಯುವುದು ಎರಡೇ ಅಂಕ. ಸಣ್ಣ ಎರಚಲನ್ನೂ ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಇದಕ್ಕೇ. ಎರಡು ಮುಳ್ಳಿನ ತೇವಮಾಪಕ ಒಂದನ್ನು ಕೊಂಡಿಟ್ಟುಕೊಳ್ಳಿ. ಮಾರ್ಚಿನಲ್ಲಿ ಒಣಗಿದ ಹಲಗೆಯನ್ನು ಒತ್ತಿ ಜೋಡಿಸಿದರೆ ಆಟಿಯಲ್ಲಿ ಉಬ್ಬಿ ಏಳುತ್ತದೆ. ಬಾಗಿಲಿಗೂ ಬದಿಯಲ್ಲಿ 4 ಮಿ.ಮೀ. ಬಿಡಿ.

ಒಳಗಿನ ಮರಕ್ಕೆ ಬೊರಾಕ್ಸ್, ಬೋರಿಕ್ ಆಸಿಡ್ ಮದ್ದು ಒಳ್ಳೆಯದು. ಆದರೆ ಮಳೆಗೆ ಅದು ತೊಳೆದು ಹೋಗುತ್ತದೆ, ಸಂಕಕ್ಕೆ ಉಪಯೋಗ ಇಲ್ಲ. ನಮ್ಮಲ್ಲಿ ಪಕಾಸು, ದೋಣಿಗೆ ಬಳಿಯುವ ಗೇರುಬೀಜದ ಸಿಪ್ಪೆ ಎಣ್ಣೆ ಸಂಕದ ಅಡಿಯ ತೊಲೆಗೆ ಚೆನ್ನಾಗಿ ಆಗುತ್ತದೆ. ಬಳಿಯುವಾಗ ಕೈಗವಸು ಬೇಕೇ ಬೇಕು, ಚರ್ಮ ಸುಟ್ಟು ಬೊಕ್ಕೆ ಏಳುತ್ತದೆ. ಅದೇ ಕಾರಣಕ್ಕೆ ಕೈಹಿಡಿಗೆ ಮಾತ್ರ ಹಚ್ಚಲೇಬೇಡಿ. ಅಮ್ಮ ಹಿಡಿದುಕೊಳ್ಳುವ ಕೈಹಿಡಿಗೆ ನಾವು ಅಗಸೆ ಎಣ್ಣೆ ಹಚ್ಚುತ್ತೇವೆ.

ಕೆಲಸವನ್ನು ಜನವರಿಯಲ್ಲಿ ಹಿಡಿದರೆ ಪತ್ತನಾಜೆಯ ಒಳಗೆ, ಅಂದರೆ ಮೇ ಕೊನೆಯ ವಾರದ ಮುಂಚೆ ಮುಗಿಯುತ್ತದೆ. ಆಮೇಲೆ ವರ್ಷಕ್ಕೆ ಎರಡು ಸಲ ನೋಡಿ. ಮೇ ತಿಂಗಳಲ್ಲಿ ದಂಬೆಯ ತರಗೆಲೆ ತೆಗೆಯಿರಿ, ಸಂಕದ ಸಂದಿಗಳಲ್ಲಿ ಕೂತ ಕಸವನ್ನು ಹಳೆ ಗರಗಸದ ಅಲಗಿನಿಂದ ಕೆರೆಯಿರಿ. ಅಕ್ಟೋಬರಿನಲ್ಲಿ ಪಾಚಿ ಉಜ್ಜಿ, ಸ್ಕ್ರೂ ಬಿಗಿ ಮಾಡಿ, ದಾರಂದದ ಕಾಲಿಗೂ ಅಡಿತೊಲೆಗೂ ಚಾಕು ಚುಚ್ಚಿ ನೋಡಿ. ಎಣ್ಣೆಯನ್ನು ಆಗಲೇ ಬಳಿಯಬೇಡಿ. ಮಾಪಕ 15ಕ್ಕಿಂತ ಕೆಳಗೆ ತೋರಿಸುವವರೆಗೆ ಕಾಯಿರಿ. ನಮ್ಮಲ್ಲಿ ಅದು ಜನವರಿ ಆಗುತ್ತದೆ.